ಹದಿನೇಳನೇ ನಂಬರ್ ಮನೆಯ ನಮೂನೆಗಳು

2005ರ ಜೂನ್ 21, ಮಂಗಳವಾರ, ಬೆಳಗ್ಗೆ 10.40. ನುಂಗಂಬಾಕ್ಕಂ ಠಾಣೆಗೆ ಬಂದ ದೂರಿನಲ್ಲಿ ದುಡ್ಡಿನ ಮಾತಿಲ್ಲ, ಒಡವೆಯ ಮಾತಿಲ್ಲ. ಕಳುವಾದದ್ದು ತುಂಬಿದ ಆರು ನಮೂನೆಗಳು. ದೂರು ತಂದವರು ಜಂಟಿ ಅಂಕಿಅಂಶ ಘಟಕದ ಅಧಿಕಾರಿ ಜಯರಾಮ, ಮೈಸೂರಿನವರು. ಇನ್‌ಸ್ಪೆಕ್ಟರ್ ತಿರುಮಲರ ಮನೆತನ ನಾಲ್ಕು ತಲೆಮಾರಿನಿಂದ ಮದರಾಸಿನದಾದರೂ ಮನೆಮಾತು ಕನ್ನಡವೇ ಎಂದು ತಿಳಿದು ಜಯರಾಮರ ಅರ್ಧ ಆತಂಕ ಇಳಿಯಿತು.

ಯೂರೋಪಿನ ಒಂದು ದೇಶದ ಅಂಕಿಅಂಶ ಕಚೇರಿ ತನ್ನ ಪದ್ಧತಿಯನ್ನು ಇಲ್ಲಿಯವರಿಗೆ ಕಲಿಸುತ್ತಿತ್ತು. ಆಯ್ದ ಮನೆಗಳಿಗೆ ತಿಂಗಳಿಗೊಮ್ಮೆ ಹೋಗಿ, ಏನು ಉಂಡರು, ಏನು ಕೊಂಡರು ಎಂದು ಕೇಳಿ ನಮೂನೆ ತುಂಬಬೇಕು. ಈಗ ಅಲ್ಲಿಯ ತಜ್ಞರು ಬಂದು ಹತ್ತು ಮನೆಗಳಿಗೆ ತಾವೇ ಹೋಗಿ ತಾಳೆ ನೋಡುವವರಿದ್ದರು. ಆ ಹತ್ತರ ಪಟ್ಟಿ ಶುಕ್ರವಾರ ಫ್ಯಾಕ್ಸಿನಲ್ಲಿ ಬಂತು. ಸೋಮವಾರ ನೋಡಿದರೆ, ಪಟ್ಟಿಯಲ್ಲಿದ್ದ, ಕಡಲ ದಡದ ಕಾಸಿಮೇಡಿನ ಹದಿನೇಳನೇ ನಂಬರ್ ಮನೆಯ ನಮೂನೆಗಳು ಮಾತ್ರ ಇಲ್ಲ.

"ಅವ್ರು ಕೇಳಿದ್ರೆ ಏನು ತೋರಿಸ್ಲಿ ಸಾರ್? ಇಡೀ ಯೋಜನೆನೇ ನಿಂತೋಗುತ್ತೆ," ಎಂದರು ಜಯರಾಮ.

ಎಫ್‌ಐಆರ್ ಆಯಿತು. ಮಧ್ಯಾಹ್ನ ಘಟಕದ ಕಚೇರಿಯಲ್ಲಿ ಸ್ಥಳ ಪಂಚನಾಮೆ. ನಮೂನೆಗಳಿದ್ದ ಬೀರುವಿನ ಬೀಗ ಒಡೆದಿರಲಿಲ್ಲ. ಒಂದು ಕೀಲಿಕೈ ಜಯರಾಮರಲ್ಲಿ, ಇನ್ನೊಂದು ಆ ಬೀದಿಯ ನಮೂನೆ ತುಂಬುವ ಹಿರಿಯ ನೌಕರ ವಿಷ್ಣುತೀರ್ಥರಲ್ಲಿ. ಐವತ್ತೇಳು ವಯಸ್ಸು, ಹಣೆಯಲ್ಲಿ ಅಂಗಾರ ಅಕ್ಷತೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರೆ. ಈ ಮನುಷ್ಯ ಪೊಲೀಸರಿಗೆ ಕಾಫಿ ತರಿಸಿ, ತಾನೂ ಸಮಾಧಾನವಾಗಿ ಕುಡಿದ.

ನಮೂನೆ ಹೋದರೂ ಅದರಲ್ಲಿದ್ದದ್ದು ಕಂಪ್ಯೂಟರಿನಲ್ಲಿ ಉಳಿದಿತ್ತು. 23ರಂದು ತಿರುಮಲ ಅದನ್ನು ಅಚ್ಚು ಹಾಕಿಸಿ ಓದಿದರು. ಡಿಸೆಂಬರಿನಿಂದ ಮೇ ತನಕ, ನಾಲ್ಕು ಜನ. ಅಕ್ಕಿ ಇಪ್ಪತ್ತೆರಡು ಕಿಲೋ. ಮಗಳು ಪೂಂಗೊಡಿಗೆ ಹೊಸ ಚಪ್ಪಲಿ. ಏಪ್ರಿಲಿನಲ್ಲಿ ಅವಳಿಗೆ ಎಂಟು ತುಂಬಿ ಒಂಬತ್ತು. ಅಕ್ಕಪಕ್ಕದ ಮನೆಗಳ ನಮೂನೆಯಲ್ಲಿ ಗೋಡೆ ಬಿದ್ದದ್ದು, ದೋಣಿ ಹೋದದ್ದು ಎಲ್ಲ ಇತ್ತು. ಹದಿನೇಳಕ್ಕೆ ಮಾತ್ರ ಸುನಾಮಿ ಬಂದೇ ಇರಲಿಲ್ಲ.

ಮರುದಿನ ಬೆಳಗ್ಗೆ 7.15ಕ್ಕೆ, ಮೀನಿನ ಹರಾಜು ಮುಗಿಯುವ ಹೊತ್ತಿಗೆ, ಅವರು ಹೆಡ್ ಕಾನ್‌ಸ್ಟೇಬಲ್ ವಿಮಲಾರೊಂದಿಗೆ ಕಾಸಿಮೇಡಿಗೆ ಹೋದರು. ಹದಿನೇಳರಲ್ಲಿ ಬರೀ ಪಾಯದ ಕಟ್ಟೆ ಉಳಿದಿತ್ತು. ನಾಲ್ವರೂ ಡಿಸೆಂಬರ್ 26ರ ಬೆಳಗ್ಗೆಯೇ ಅಲೆಗೆ ಸಿಕ್ಕಿ ಹೋದರೆಂದು ಪಕ್ಕದ ಮೀನು ಮಾರುವ ಹೆಂಗಸು ತಮಿಳಿನಲ್ಲಿ ಹೇಳಿದಳು. ಪ್ರತಿ ತಿಂಗಳು 26ಕ್ಕೆ, ಎಂಟೂವರೆಗೆ, ಅಂಗಾರ ಇಟ್ಟ ಹಿರಿಯರೊಬ್ಬರು ಬಂದು ಆ ಕಟ್ಟೆಯ ಮೇಲೆ ಕೂರುತ್ತಾರಂತೆ. ಏನೋ ಕೇಳುತ್ತಾರೆ, ಸುಮ್ಮನಿರುತ್ತಾರೆ, ಆಮೇಲೆ ಬರೆದುಕೊಳ್ಳುತ್ತಾರೆ. ಹುಚ್ಚನೆಂದು ಓಡಿಸಲಿಲ್ಲವೇ ಎಂದು ವಿಮಲಾ ಕೇಳಿದರು. ಉತ್ತರ ಬರುವ ತನಕ ಕಾಯುತ್ತಾರಮ್ಮ, ನಡುವೆ ಮಾತಾಡಿಸಲು ಮನಸ್ಸು ಬರಲಿಲ್ಲ ಎಂದಳು.

25ರ ಶನಿವಾರ ಕ್ರೋಂಪೇಟೆಯ ವಿಷ್ಣುತೀರ್ಥರ ಮನೆ ಶೋಧಿಸಿದಾಗ, ಆರೂ ನಮೂನೆಗಳು ದೇವರ ಮಂಟಪದ ಹಿಂದೆ ಮಡಿವಸ್ತ್ರದಲ್ಲಿ ಸುತ್ತಿಟ್ಟಂತೆ ಸಿಕ್ಕವು. ಜಪ್ತಿ ಪಂಚನಾಮೆಗೆ ಅವರು ತಾವೇ ಪುಟ ಎಣಿಸಿಕೊಟ್ಟರು. ಬಂಧನ 9.20ಕ್ಕೆ.

"ಮನೆ ಪಟ್ಟಿ ಮಾಡಕ್ಕೆ ಸುನಾಮಿ ಹಿಂದಿನ ದಿನ ಹೋಗಿದ್ದೆ," ಎಂದರು ಠಾಣೆಯಲ್ಲಿ. "ನಾಳೆ ಅಕ್ಕನ ಮನೆಗೆ ಹೊರಟಿದೀವಿ ಅಂದ್ರು. ಬೇಡ, ಎಂಟೂವರೆಗೆ ಬರ್ತೀನಿ, ಮನೇಲೇ ಇರಿ ಅಂದೆ."

"ಹೋದಿರಾ?"

"ಧನುರ್ಮಾಸ. ಪೂಜೆ ಲೇಟಾಯ್ತು. ಟ್ರೈನ್ ತಪ್ಪಿತು."

"ಹಾಗಿದ್ರೆ ಸುಳ್ಳು ಯಾಕೆ ಬರೆದಿರಿ?"

"ಮನೇಲಿ ಯಾರೂ ಇಲ್ಲದಿದ್ರೆ, ಯಾರೂ ಇಲ್ಲ ಅಂತ ಬರೆದು ಮುಂದಿನ ಮನೆ ತಗೋಬೇಕು, ಅದು ರೂಲು. ನಾನು ಹೇಳಿದೆ ಅಂತ ಮನೇಲಿದ್ದವರನ್ನ ಯಾರೂ ಇಲ್ಲ ಅಂತ ಹೇಗೆ ಬರೀಲಿ ಸಾರ್?"

ತಿರುಮಲ ಹೇಳಿಕೆಗೆ ಸಹಿ ಹಾಕಿಸಿಕೊಂಡು, ಇನ್ನೇನಾದರೂ ಹೇಳುವುದಿದೆಯೇ ಎಂದು ವಾಡಿಕೆಯಂತೆ ಕೇಳಿದರು.

"ನಾಳೆ ಇಪ್ಪತ್ತಾರು. ಬರ್ತೀನಿ ಅಂದಿದೀನಿ. ಯಾರಾದ್ರೂ ಹೋಗಿ, ಕಾಯಬೇಡಿ, ಅಕ್ಕನ ಮನೆಗೆ ಹೊರಡಿ ಅಂತ ಹೇಳ್ತೀರಾ?"

ಕಳವಿಗೆ ಕಾರಣ ಎಂಬ ಕಡೆ ತಿರುಮಲ ಬರೆದದ್ದು ಎರಡೇ ಸಾಲು: ಸುಳ್ಳು ನಮೂನೆ ಬಯಲಾಗುವ ಭಯ, ಸತ್ತವರಿಗೆ ಕೊಟ್ಟ ಮಾತು. ಭಾನುವಾರ ಬೆಳಗ್ಗೆ ಅವರು ಕಾಸಿಮೇಡಿಗೆ ಹೋಗಿ, ಎಂಟೂವರೆಗೆ ಆ ಕಟ್ಟೆಯ ಮುಂದೆ ಟೋಪಿ ತೆಗೆದು ನಿಂತು, ತಮಿಳಿನಲ್ಲಿ ಆ ಮಾತು ಹೇಳಿ ಬಂದರು. ಠಾಣೆಯ ಡೈರಿಯಲ್ಲಿ ಅದರ ನಮೂದು ಇಲ್ಲ.