ಒಲೆಗೆ ಬಿದ್ದ ಹಾಜರಿ

"ದೇಸಾಯರ, ಅದು ನನ್ನ ಪುಸ್ತಕ..."

ಮೃಣಾಲಿನಿ ಒಲೆಯತ್ತ ಓಡಿದಳು. ತಿರ್ಲಾಪುರದ ವಾಡೆಯ ಹಿತ್ತಲಲ್ಲಿ, ನೀರು ಕಾಯಿಸುವ ಒಲೆಯ ಮುಂದೆ ವಿಜಯೀಂದ್ರ ದೇಸಾಯಿ ಕುಳಿತಿದ್ದ. ನಿನ್ನೆಯಷ್ಟೇ ಅವಳು ನಂಬಿ ಕೊಟ್ಟ ಪುಸ್ತಕ ಅವನ ಕಣ್ಣೆದುರೇ ಉರಿಯುತ್ತಿತ್ತು.

ಕಾಲುವೆ ತುಂಬಿ ಹರಿದರೂ ಊರಿನ ಕುಡಿಯುವ ನೀರಿನ ಕೆರೆಗೆ ಹನಿ ಬಿಟ್ಟಿರಲಿಲ್ಲ. ತೂಬಿಗೆ ಸರ್ಕಾರದ ಬೀಗ. ಕೊನೆಗೆ ಮೂವತ್ತೆರಡು ಹೆಂಗಸರು ಬೀಗ ಒಡೆದು ನೀರು ಬಿಟ್ಟುಕೊಂಡರು.

ಮೃಣಾಲಿನಿ ಊರ ಶಾಲೆಯ ಅಕ್ಕೋರು. ಹಾಜರಿ ಬರೆದು ಪಳಗಿದ ಕೈ. ಬೀಗ ಒಡೆದವರ ಹೆಸರು, ಗಂಡನ ಹೆಸರು, ಓಣಿ, ಎಲ್ಲ ಬರೆದು, ಹೆಬ್ಬೆಟ್ಟು ಒತ್ತಿಸಿ, 'ನಮ್ಮ ಕಷ್ಟ ಮಂತ್ರಿಗಳಿಗೆ ತಿಳಿಯಲಿ' ಎಂದು ದೇಸಾಯಿಯ ಕೈಗಿತ್ತಿದ್ದಳು. ಅವನು ಆಳುವ ಪಕ್ಷದವನಲ್ಲವೇ?

"ಮಂತ್ರಿಗಳ ಪಂಕ್ತಿಯೊಳಗ ನಿಮ್ಮ ಎಲಿ ತಪ್ಪಬಾರದಂತ ಸುಟ್ರಿ, ಹೌದಿಲ್ಲೋ?"

ಅವನು ತಲೆ ಎತ್ತಲಿಲ್ಲ. "ಮುಂದಿನ ಬಾಗಲಕ್ಕ ಪೊಲೀಸರು ಬಂದಾರ. ಹಿತ್ತಲಿಂದ ಮನೀಗೆ ಹೋಗ್ರಿ."

'ಮಠದಲ್ಲಿ ಕಣ್ಣು ಮುಚ್ಚಿ ಪುರಾಣ ಕೇಳುವ ಮನುಷ್ಯ... ಇವನನ್ನೇ ನಾನು ಮನಸ್ಸಿನಲ್ಲಿಟ್ಟುಕೊಂಡೆನೇ?'

ಮುಂದಿನ ಎರಡು ಏಕಾದಶಿ ಅವಳು ಮಠದಲ್ಲಿ ಅವನು ಕಾಣದ ಕಂಬದ ಹಿಂದೆ ಕುಳಿತಳು.

ಒಂದು ಮುಂಜಾನೆ ಹೊಲಕ್ಕೆ ಹೊರಟ ಸಾವಂತ್ರೆವ್ವ ಅವಳ ಬಾಗಿಲಲ್ಲಿ ಬುಟ್ಟಿ ಇಳಿಸಿದಳು. ಬೀಗ ಒಡೆಯಲು ಮೊದಲ ಕಲ್ಲೆತ್ತಿದವಳು ಅವಳೇ.

"ದೇಸಾಯರನ್ನ ಕಂಡು ಮಾರಿ ತಿರುವತೀರಂತ, ಅಕ್ಕೋರ? ಕಲ್ತೋರ ಬುದ್ಧಿ ಇಷ್ಟ ನೋಡ್ರಿ."

"ನಿಮ್ಮ ಹೆಬ್ಬೆಟ್ಟನ್ನ ಸುಟ್ಟಾರವ್ವಾ ಅವರು."

"ಸುಟ್ಟಿದ್ದಕ್ಕ ನಾ ಹೊಲಕ್ಕ ಹೊಂಟೇನಿ. ಇಲ್ಲಾಂದ್ರ ಜೇಲಿಗೆ ಹೋಗ್ತಿದ್ದೆ. ಪೊಲೀಸ್ರು ಕೇಳಿದಾಗ, 'ಬೀಗ ನಾನ ಒಡದೇನಿ' ಅಂದ್ರಂತ. ಕೇಸು ಅವರೊಬ್ಬರ ಮ್ಯಾಲ. ಪಕ್ಷದಾಗಿಂದನೂ ತಗದ್ರು. ನಿಮಗ ಹೇಳಬ್ಯಾಡಂತ ಊರಿಗೆಲ್ಲ ಆಣಿ ಹಾಕಿದ್ರು... ಮುರದೇನಿ, ದೇವರು ನೋಡ್ಕೊಳ್ಲಿ."

ಮೃಣಾಲಿನಿ ಅವಳ ಬುಟ್ಟಿಯನ್ನು ಎತ್ತಿ ತಲೆಗೇರಿಸಿಕೊಟ್ಟಳು. 'ಮೂವತ್ತೆರಡು ಮನೆಯವರನ್ನು ನಾನೇ ಕೈಯಾರೆ ಹಿಡಿದುಕೊಡುತ್ತಿದ್ದೆ... ಮೊದಲ ಹೆಸರು ನನ್ನದೇ ಇತ್ತು.'

ತಂಬಿಗೆ ಹಿಡಿದು ಕೆರೆಗೆ ನಡೆದಳು. ಕೆರೆ ತುಂಬಿ ತುಳುಕುತ್ತಿತ್ತು. ದೇಸಾಯಿ ಮೆಟ್ಟಿಲ ಮೇಲಿದ್ದ. ತಂಬಿಗೆ ತುಂಬಿ ಅವನ ಮುಂದೆ ಹಿಡಿದಳು.

"ನನಗ ಯಾಕ ಹೇಳಲಿಲ್ರಿ?"

"ಹೇಳಿದ್ರ ಠಾಣೆಗೆ ಹೋಗಿ ಇನ್ನೊಂದು ಹಾಜರಿ ಬರೀತಿದ್ರಿ."

ಅಳುತ್ತಲೇ ಅವಳಿಗೆ ನಗು ಬಂತು. "ನಿಮ್ಮ ಮುತ್ತಜ್ಜನೂ ಹಿಂಗ ಇದ್ರಂತ. ಬ್ರಿಟಿಷ್ ಕಲೆಕ್ಟರ್ ಜೋಡಿ ಊಟ, ಬಂಡಾಯದವರಿಗೆ ಬುತ್ತಿ."

"ಅವರು ಸಿಕ್ಕಿ ಬೀಳಲಿಲ್ಲ. ನಾ ಬಿದ್ದೆ." ಅವನು ತಂಬಿಗೆಗೆ ಬಾಯಿಟ್ಟು ಕುಡಿದ. "ರವಿವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಮಾಡಬೇಕು. ಕೇಸಿನ ಮನುಷ್ಯಾ ನಾನು."

"ಬಸ್ಸಿನ್ಯಾಗ ಬಾಜೂ ಸೀಟು ಹಿಡೀರಿ. ನಾನೂ ಬರ್ತೀನಿ."

"ಎಷ್ಟು ರವಿವಾರ?"

"ಕೇಸು ಮುಗಿದ ಮ್ಯಾಲೂ."

ಅವಳು ಕೆರೆಗೊಮ್ಮೆ ಕೈ ಮುಗಿದಳು. ದಿನಾ ದೇವರಲ್ಲಿ ಏನೇನೋ ಬೇಡುವವಳಿಗೆ ಇಂದು ಬೇಡಲು ಏನೂ ಉಳಿದಿರಲಿಲ್ಲ. ಅವನ ಕೈಯಿಂದ ತಂಬಿಗೆ ತೆಗೆದುಕೊಂಡಳು.

"ಅದು ಎಂಜಲಾಗೇದ್ರಿ..." ಅವನು ಗಾಬರಿಯಾದ.

"ಗೊತ್ತದ," ಎಂದು ಅವಳು ಉಳಿದ ನೀರು ಕುಡಿದಳು.