ಹತ್ತಡಿ ಬಾಣ

"ಚಿರತೆಗೆ ಸ್ಕಾರ್ಫ್ ಕಟ್ಟಿದ್ದು ನಾನೇ. ಕಟ್ಟಿದ ಮೇಲೆ ಅದು ನಂಗೆ ಶೇಕ್‌ಹ್ಯಾಂಡ್ ಕೊಡ್ತು. ಅದೂ ಎಡಗೈಲಿ!"

ಲಿಖಿತ ಹೀಗೆ ಹೇಳುವಾಗ ಸ್ಕೂಲಿನ ಗೋಡೆ ಪತ್ರಿಕೆಯ ಮುಂದೆ ಅರ್ಧ ಬಂಗಾರಪೇಟೆಯೇ ಸೇರಿತ್ತು. ಅರ್ಧ ಅಂದರೆ ತೀರಾ ಅರ್ಧವಲ್ಲ. ಹದಿನೈದು ಮಕ್ಕಳು, ಜೊತೆಗೆ ಬಿಸಿಯೂಟದ ವಾಸನೆ ಹಿಡಿದು ಬಂದಿದ್ದ ಒಂದು ನಾಯಿ.

"ಎಡಗೈ ಯಾಕೆ?" ಎಂದು ನಾಲ್ಕನೇ ಕ್ಲಾಸಿನ ಪುಟ್ಟ ಹುಡುಗನೊಬ್ಬ ಕೇಳಿದ.

"ಸ್ಕೌಟು, ಗೈಡು ಎಲ್ರೂ ಎಡಗೈಲೇ ಕೊಡೋದು ಕಣೋ. ಚಿರತೆಗೇ ಗೊತ್ತೈತೆ, ನಿಂಗೊತ್ತಿಲ್ವಾ?"

"ಬುರುಡೆ ಬಿಡ್ಬೇಡ ಓಗಮ್ಮಿ," ಎಂದ ಮುನೀಂದ್ರ. ಅವನೂ ಲಿಖಿತಳ ಹಾಗೆ ಆರನೇ ಕ್ಲಾಸು, ಅವಳದೇ ಊರಿನವನು. "ಕೆಜಿಎಫ್‌ನಾಗೆ ಚಿರತೆ ಎಲ್ಲೈತೆ? ನಾನೂ ಬಂದಿದ್ನಲ್ಲ, ನನ್ ಕಣ್ಣಿಗೆ ಬೀಳ್ಲೇ ಇಲ್ಲ."

"ನೀನು ಪುಳಿಯೋಗರೆ ಡಬ್ಬಿಯೊಳಗೆ ತಲೆ ಇಟ್ಕಂಡಿದ್ದೆ. ಆನೆ ಬಂದು ಪಕ್ಕದಾಗೆ ಕುಂತಿದ್ರೂ ನಿಂಗೆ ಕಾಣ್ತಿರ್ಲಿಲ್ಲ."

ಎಲ್ಲರೂ ನಕ್ಕರು. ನಾಯಿಯೂ ಬಾಲ ಆಡಿಸಿತು.

ಗೋಡೆ ಪತ್ರಿಕೆಯಲ್ಲಿ ಆವತ್ತು ಅಂಟಿಸಿದ್ದು ಲಿಖಿತ ಬರೆದ ಕಾಮಿಕ್ಸ್. ಹೆಸರು 'ಪ್ರಾಣಿಗಳ ಸ್ಕೌಟ್ ಟ್ರಿಪ್'. ಇಡೀ ಕೋಲಾರ ಜಿಲ್ಲೆಯಲ್ಲೇ ಇಂಥ ಕಾಮಿಕ್ಸ್ ಯಾರೂ ಬರೆದಿರಲಿಲ್ಲ. ಹಾಗಂತ ಲಿಖಿತಳೇ ಹೇಳಿದ್ದಳು.

ಮೊದಲನೇ ಚೌಕದಲ್ಲಿ ಪ್ರಾಣಿಗಳೆಲ್ಲ ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿಯುತ್ತಿದ್ದವು. ಎಲ್ಲರ ಬ್ಯಾಗೂ ಕತ್ತೆಯ ಬೆನ್ನ ಮೇಲಿತ್ತು. ಕತ್ತೆ ಹೇಳುತ್ತಿತ್ತು: "ಲೀಡರ್ ಮಾಡ್ತೀವಿ ಅಂತ ತಾನೇ ಕರ್ಕೊಂಡು ಬಂದಿದ್ದು?"

ಎರಡನೇ ಚೌಕದಲ್ಲಿ ಹಗ್ಗ ಎಳೆದರೆ ಬಾವುಟದ ಬದಲು ಕೋತಿ ಮೇಲೆ ಹೋಗಿತ್ತು. ಎಲ್ಲ ಪ್ರಾಣಿಗಳೂ ಕೋತಿಗೆ ಸೆಲ್ಯೂಟ್ ಹೊಡೆಯುತ್ತಿದ್ದವು. ಕೋತಿ ಮೇಲಿಂದ ಕೂಗುತ್ತಿತ್ತು: "ಬೇಗ ಹಾಡು ಮುಗಿಸ್ರಪ್ಪಾ, ಇಲ್ಲಿ ಬಿಸಿಲು!"

ಮೂರನೇ ಚೌಕದಲ್ಲಿ ಗಂಟು ಹಾಕುವ ಕ್ಲಾಸು. ಹಗ್ಗ ಸಾಲದೆ ಹಾವು ತನ್ನನ್ನೇ ಗಂಟು ಹಾಕಿಕೊಂಡಿತ್ತು. "ಮಿಸ್, ಬಿಚ್ಚೋದು ಯಾವತ್ತು ಹೇಳ್ಕೊಡ್ತೀರಾ?"

ನಾಲ್ಕನೇ ಚೌಕದಲ್ಲಿ ಚಿರತೆ.

ಕೊನೆಯ ಚೌಕದಲ್ಲಿ ದಪ್ಪ ಕನ್ನಡಕ ಹಾಕಿದ ಗೂಬೆ. ಮ್ಯಾಪನ್ನು ತಲೆಕೆಳಗಾಗಿ ಹಿಡಿದುಕೊಂಡು ಅದು ರಾಬರ್ಟ್‌ಸನ್‌ಪೇಟೆ ಆಟೋ ಸ್ಟ್ಯಾಂಡಿನಲ್ಲಿ ನಿಂತಿತ್ತು. "ಅಣ್ಣಾ, ಕ್ಯಾಂಪಿಗೆ ಮೀಟರ್ ಹಾಕ್ತೀಯಾ?"

ಅದನ್ನು ಓದಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗಿ ಚಂದನಳನ್ನು ನೋಡಿದರು. ದಪ್ಪ ಕನ್ನಡಕ ಹಾಕುವವಳು ಆರನೇ ಕ್ಲಾಸಿನಲ್ಲಿ ಅವಳೊಬ್ಬಳೇ.

ಚಂದನ ಕನ್ನಡಕವನ್ನು ಮೂಗಿನ ಮೇಲಕ್ಕೆ ಏರಿಸಿಕೊಂಡು ತಾನೂ ನಕ್ಕಳು. "ಗೂಬೆ ಚೆನ್ನಾಗಿದೆ ಕಣೇ," ಎಂದಳು. ಅವಳ ನಗು ಮಾತ್ರ ಎಲ್ಲರಿಗಿಂತ ಮೊದಲು ನಿಂತುಹೋಯಿತು.

ಶನಿವಾರ ನಡೆದದ್ದು ಇಷ್ಟೇ. ಗೈಡ್ಸ್ ನೋಡಿಕೊಳ್ಳುವ ಅರುಣಕುಮಾರಿ ಮಿಸ್ಸು, ಸ್ಕೌಟ್ಸ್ ನೋಡಿಕೊಳ್ಳುವ ಶಿವಕುಮಾರ್ ಸರ್ರು ಮಕ್ಕಳನ್ನು ಮಾರಿಕುಪ್ಪಂ ರೈಲಿನಲ್ಲಿ ಕೆಜಿಎಫ್‌ಗೆ ಕರೆದುಕೊಂಡು ಹೋಗಿದ್ದರು. ಅಲ್ಲಿಂದ ದಾರಿ ಹುಡುಕುವ ಆಟ. ಮೊದಲ ತಂಡ ಮುಂದೆ ಹೋಗುತ್ತಾ ದಾರಿಯಲ್ಲಿ ಬಾಣದ ಗುರುತು ಹಾಕಬೇಕು. ಎರಡನೇ ತಂಡ ಸ್ವಲ್ಪ ಹೊತ್ತು ಬಿಟ್ಟು ಹೊರಟು, ಆ ಬಾಣಗಳನ್ನು ನೋಡಿಕೊಂಡು ಊಟದ ಜಾಗ ಸೇರಬೇಕು.

"ಕಲ್ಲಲ್ಲೇ ಬಾಣ ಮಾಡ್ಬೇಕು, ಸೊಪ್ಪು ಸದೆ ಬೇಡ," ಎಂದು ಮಿಸ್ ರೈಲಿನಲ್ಲೂ ಹೇಳಿದ್ದರು, ಇಳಿದ ಮೇಲೂ ಹೇಳಿದ್ದರು.

ಮೊದಲ ತಂಡದಲ್ಲಿ ಬಾಣ ಹಾಕುವ ಕೆಲಸ ಲಿಖಿತಳದು. ಹಾಗಾಗಿ ಅವಳು ಸಾಲಿನ ಕೊನೆಯಲ್ಲಿದ್ದಳು. ಎರಡನೇ ತಂಡದಲ್ಲಿ ಬಾಣ ಹುಡುಕುವ ಕೆಲಸ ಚಂದನಳದು. ಅವಳು ಸಾಲಿನ ಮುಂದೆ. ಉಳಿದವರು ಅವಳ ಬೆನ್ನು ನೋಡಿಕೊಂಡು ಹಾಡು ಹೇಳುತ್ತಾ ಬರುತ್ತಿದ್ದರು. ಎಲ್ಲರಿಗಿಂತ ಹಿಂದೆ ಸರ್, ಫೋನಿನಲ್ಲಿ ಮಾತಾಡುತ್ತಾ.

ಮೈಸೂರು ಮೈನ್ಸ್ ಎಂಬ ಹಳೇ ಗಣಿಯ ಹತ್ತಿರ ಮೂರು ದಾರಿ ಕೂಡುವಲ್ಲಿ ಎರಡನೇ ತಂಡ ತಪ್ಪು ದಾರಿ ಹಿಡಿಯಿತು. ನಡೆದು ನಡೆದು ರಾಬರ್ಟ್‌ಸನ್‌ಪೇಟೆಗೇ ಹೋಗಿಬಿಟ್ಟಿತು. ಸರ್ ಆ ಮಕ್ಕಳನ್ನೆಲ್ಲ ಆಟೋಗಳಲ್ಲಿ ತುಂಬಿಸಿಕೊಂಡು ವಾಪಸ್ ಬರುವಷ್ಟರಲ್ಲಿ ಮುನೀಂದ್ರ ಎರಡು ಸಲ ಊಟ ಮಾಡಿ ಮುಗಿಸಿದ್ದ.

"ಬಾಣ ಕಾಣಿಸ್ಲಿಲ್ವಾ?" ಎಂದು ಮಿಸ್ ಕೇಳಿದ್ದರು.

ಚಂದನ ಬಾಯಿ ಬಿಡುವ ಮೊದಲೇ ಲಿಖಿತ ಕೂಗಿದ್ದಳು: "ಹತ್ತಡಿ ಬಾಣ ಹಾಕಿದ್ದೆ ಮಿಸ್! ಏರೋಪ್ಲೇನ್‌ನಾಗೆ ಓಗೋರಿಗೂ ಕಾಣೋ ಅಂಥದ್ದು!"

ಗೋಡೆ ಪತ್ರಿಕೆಯ ಮುಂದಿನ ಜಾತ್ರೆ ಕರಗಿದ ಮೇಲೆ ಚಂದನ ಸ್ಟಾಫ್ ರೂಮಿನ ಕಡೆ ಹೋದಳು. ಇನ್ನೂ ಯಾರಾದರೂ ಹೊಗಳುವವರು ಸಿಗಬಹುದೆಂದು ಲಿಖಿತ ಕಾರಿಡಾರಿನಲ್ಲೇ ಓಡಾಡುತ್ತಿದ್ದಳು. ಕಿಟಕಿಯಿಂದ ಮಾತು ಕೇಳಿಸಿತು.

"ಮಿಸ್, ಕೋಲಾರದ ಗೈಡ್ಸ್ ರ್‍ಯಾಲಿಗೆ ನನ್ ಹೆಸರು ತೆಗೆದ್ಬಿಡಿ."

"ಯಾಕಮ್ಮಾ? ವರ್ಷವಿಡೀ ಅದಕ್ಕೇ ಕಾಯ್ತಿದ್ದೆ."

"ಹತ್ತಡಿ ಬಾಣ ಕಾಣಿಸ್ಲಿಲ್ಲ ಮಿಸ್ ನಂಗೆ. ರ್‍ಯಾಲಿಯಲ್ಲಿ ಅಂಗೈಯಷ್ಟು ಬಾಣ ಇಡ್ತಾರಂತೆ. ನನ್ ಕಣ್ಣು ಮತ್ತೆ ಕೆಡ್ತಾ ಇದೆ ಅನ್ಸುತ್ತೆ." ಚಂದನಳ ದನಿ ಸಣ್ಣಗಾಯಿತು. "ಮನೇಲಿ ಇನ್ನೂ ಹೇಳಿಲ್ಲ. ನನ್ನಿಂದ ಎಲ್ರೂ ದಾರಿ ತಪ್ಪೋದು ಬೇಡ. ಲಿಖಿತಾನೇ ಹೋಗ್ಲಿ."

"ಹೆಸರು ತೆಗೆಯೋದು ಆಮೇಲೆ. ನಾಳೆ ಗ್ರೌಂಡಲ್ಲಿ ಒಂದ್ಸಲ ನೋಡೋಣ," ಎಂದರು ಮಿಸ್.

ಲಿಖಿತ ತುದಿಗಾಲಿನಲ್ಲಿ ಅಲ್ಲಿಂದ ಜಾರಿದಳು. ರ್‍ಯಾಲಿಗೆ ತಾನು! ಖುಷಿಯಿಂದ ಒಂದು ಮೈಲಿ ಎತ್ತರಕ್ಕೆ ಹಾರಬೇಕಿತ್ತು. ಯಾಕೋ ಕಾಲು ನೆಲ ಬಿಡಲಿಲ್ಲ.

ಸಾಯಂಕಾಲ ಮನೆಯಲ್ಲಿ ಅಜ್ಜಿ ಮುನಿನಾರಾಯಣಮ್ಮ ಹಾಲು ಕರೆಯಲು ಕೂತಿದ್ದರು. ಕರೆಯುವಾಗ ಹಸು ಕೆಂಪಿಯ ಮುಂದೆ ಸೊಪ್ಪು ಹಾಕುವುದು ಲಿಖಿತಳ ದಿನದ ಕೆಲಸ. ಅವಳು ಒಂದು ಕಂತೆ ಸುಬಾಬುಲ್ ಸೊಪ್ಪು ತಂದು ಹಾಕಿದಳು. ಕೆಂಪಿ ಒಮ್ಮೆ ಮೂಸಿತು. ಉಸಿರು ಬಿಡುವಷ್ಟರಲ್ಲಿ ಸೊಪ್ಪು ಮಾಯ. ಬರೀ ಕಡ್ಡಿ ಉಳಿಯಿತು.

ಲಿಖಿತ ಆ ಕಡ್ಡಿಗಳನ್ನೇ ನೋಡುತ್ತಾ ನಿಂತಳು.

ಶನಿವಾರವೂ ಹೀಗೇ ಆಗಿತ್ತು. ಮೂರು ದಾರಿ ಕೂಡುವಲ್ಲಿ ಕಲ್ಲು ಮುಟ್ಟಿದರೆ ಕೆಂಡದ ಹಾಗೆ ಸುಡುತ್ತಿತ್ತು. ಪಕ್ಕದಲ್ಲಿ ಕರೆಂಟಿನವರು ಕಡಿದುಹಾಕಿದ್ದ ಸುಬಾಬುಲ್ ಕೊಂಬೆ ಬಿದ್ದಿತ್ತು. ಹಸಿರು ಹಸಿರಾಗಿ ಎಷ್ಟು ಚೆಂದದ ಬಾಣವಾಯಿತು! ದಿನಾ ತಾನೇ ಹಸುವಿಗೆ ಹಾಕುವ ಸೊಪ್ಪು ಅದು ಎನ್ನುವುದು ಅವಳಿಗೆ ನೆನಪೇ ಆಗಲಿಲ್ಲ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ಮೇಕೆಗಳು ಬಾಣದ ತುದಿಯಿಂದ ಊಟ ಶುರು ಮಾಡಿದ್ದವು.

ವಾಪಸ್ ಓಡಿಹೋಗಿ ಕಲ್ಲು ಇಡಬಹುದಿತ್ತು. ಅಷ್ಟರಲ್ಲಿ ಮುಂದಿನಿಂದ ಮುನೀಂದ್ರ, "ಪುಳಿಯೋಗರೆ ಡಬ್ಬಿ ತೆಗೀತಾವ್ರೆ, ಬಾರಮ್ಮೀ!" ಎಂದು ಕೂಗಿದ್ದ.

"ಏನಮ್ಮಿ, ಕಡ್ಡಿನಾಗೆ ಏನೈತೆ?" ಅಜ್ಜಿ ಕೇಳಿದರು.

"ಏನಿಲ್ಲ ಅಜ್ಜಿ. ನಾನು ಕೋಲಾರದ ರ್‍ಯಾಲಿಗೆ ಓಗ್ತೀನೇನೋ."

"ಚಂದನ ಓಗ್ತಾಳೆ ಅಂದಿದ್ದೆ?"

"ಅವಳಿಗೆ ಕಣ್ಣು ಸರಿಯಾಗಿ ಕಾಣ್ಸಲ್ವಂತೆ."

"ಅಯ್ಯೋ, ಅಂಥಾ ಮಗೂಗೆ! ಓದೋ ಮಗ." ಅಜ್ಜಿಯ ಕೈ ನಿಂತಿತು. "ಒನಗೊನ್ನೆ ಸೊಪ್ಪು ಕಣ್ಣಿಗೆ ಬಲು ಒಳ್ಳೇದು. ಬೆಳಿಗ್ಗೆ ಕೊಯ್ದು ಕೊಡ್ತೀನಿ, ಮರೀದೆ ತಕಂಡೋಗಿ ಕೊಡು."

ಮರುದಿನ ಆ ಸೊಪ್ಪಿನ ಕಟ್ಟು ಲಿಖಿತಳ ಬ್ಯಾಗಿನಲ್ಲಿತ್ತು. ಒಂದು ಹಿಡಿ ಸೊಪ್ಪು ಒಂದು ಲಾರಿ ಜಲ್ಲಿಯಷ್ಟು ಭಾರವಿತ್ತು ಎಂದರೆ ನೀವು ನಂಬುವುದಿಲ್ಲ. ಬೇಕಾದರೆ ಅವಳ ಭುಜವನ್ನು ಕೇಳಿ.

ಚಂದನ ಸೊಪ್ಪನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. "ನಿಮ್ಮಜ್ಜಿ ಎಷ್ಟು ಒಳ್ಳೆಯವ್ರು ಕಣೇ! ಇದನ್ನ ತಿಂದ್ರೆ ಬಾಣ ಕಾಣುತ್ತಾ?"

ಲಿಖಿತ ಬಗ್ಗಿ ಬ್ಯಾಗಿನ ಜಿಪ್ ಎಳೆಯತೊಡಗಿದಳು. ಅವಳು ಉತ್ತರ ಹೇಳದೆ ಬಿಟ್ಟ ಮೊದಲ ಪ್ರಶ್ನೆ ಅದೇ ಇರಬೇಕು.

ಮಧ್ಯಾಹ್ನ ಊಟವಾದ ಮೇಲೆ ಮಿಸ್ ಎಲ್ಲರನ್ನೂ ಗ್ರೌಂಡಿಗೆ ಕರೆದರು.

"ಲಿಖಿತ, ಒಂದು ಬಾಣ ಹಾಕು. ಚಂದನ ಗೇಟಿನಿಂದ ನಡ್ಕೊಂಡು ಬರ್ತಾಳೆ. ಕಂಡ ತಕ್ಷಣ ನಿಂತು ಹೇಳ್ಬೇಕು."

ಲಿಖಿತ ಬಾವುಟದ ಕಂಬದ ಹತ್ತಿರ ಕಲ್ಲಿನಲ್ಲಿ ದೊಡ್ಡ ಬಾಣ ಹಾಕಿದಳು. ಚಂದನ ಗೇಟು ದಾಟಿದಳೋ ಇಲ್ಲವೋ, ನಿಂತುಬಿಟ್ಟಳು.

"ಬಲಕ್ಕೆ!"

"ಈಗ ಅಂಗೈಯಷ್ಟು," ಎಂದರು ಮಿಸ್.

ಚಂದನ ಸ್ವಲ್ಪ ಹತ್ತಿರ ಬಂದಳು. "ಎಡಕ್ಕೆ. ತುದಿಯ ಕಲ್ಲು ಸ್ವಲ್ಪ ಜಾರಿದೆ."

ಕಲ್ಲು ನಿಜವಾಗಿಯೂ ಜಾರಿತ್ತು.

"ಮಿಸ್, ಚಾಕ್‌ಪೀಸಲ್ಲಿ ಇಡ್ಸಿ ಮಿಸ್!" ಎಂದು ಮುನೀಂದ್ರ ಕುಣಿದ. ಮೂರು ತುಂಡು ಚಾಕ್‌ಪೀಸಿನಲ್ಲಿ ಲಿಖಿತ ಬೆರಳುದ್ದದ ಬಾಣ ಇಟ್ಟಳು. ಚಂದನ ನಿಧಾನವಾಗಿ ಬಂದಳು, ಬಗ್ಗಿದಳು, ನಿಂತಳು.

"ನೇರಕ್ಕೆ."

"ಲೇ, ಅದ್ದಿನ ಕಣ್ಣು ಕಣ್ಲಾ ಇವಳ್ದು!" ಎಂದ ಮುನೀಂದ್ರ. ಮಕ್ಕಳೆಲ್ಲ ಚಪ್ಪಾಳೆ ಹೊಡೆದರು.

ಚಂದನಳ ಮುಖ ಅರಳಿತು. ಅರಳಿದ್ದು ಹಾಗೆಯೇ ಅರ್ಧಕ್ಕೆ ನಿಂತಿತು.

"ಚಾಕ್‌ಪೀಸ್ ಕಾಣುತ್ತೆ," ಎಂದಳು ತನಗೆ ತಾನೇ ಹೇಳಿಕೊಳ್ಳುವ ಹಾಗೆ. "ಹಾಗಾದ್ರೆ ಹತ್ತಡಿ ಬಾಣ ಯಾಕೆ ಕಾಣಿಸ್ಲಿಲ್ಲ?"

ಅವಳು ಬೈಯುತ್ತಿರಲಿಲ್ಲ. ಸರಿಯಾಗಿ ಮಾಡಿದ ಲೆಕ್ಕಕ್ಕೆ ಉತ್ತರ ತಪ್ಪು ಬಂದಾಗ ಕೇಳುವ ಹಾಗೆ ಕೇಳುತ್ತಿದ್ದಳು. ಮಿಸ್ ಲಿಖಿತಳ ಕಡೆ ತಿರುಗಿದರು. ಎಲ್ಲರೂ ತಿರುಗಿದರು.

ಲಿಖಿತಳ ಹತ್ತಿರ ಉತ್ತರಗಳಿಗೇನೂ ಬರವಿರಲಿಲ್ಲ. ಸುಂಟರಗಾಳಿ ಬಂದು ಬಾಣವನ್ನು ಎತ್ತಿಕೊಂಡು ಹೋಯಿತು ಅನ್ನಬಹುದು. ಗಣಿಯೊಳಗಿಂದ ದೆವ್ವ ಎದ್ದು ಬಂದು ಬಾಣ ತಿರುಗಿಸಿತು ಅನ್ನಬಹುದು. ಚಿರತೆಯಂತೂ ಇದ್ದೇ ಇತ್ತು. ಅಷ್ಟೂ ನಾಲಿಗೆಯ ಮೇಲೆ ಸಾಲಾಗಿ ನಿಂತಿದ್ದವು. ಚಂದನ ಕನ್ನಡಕ ತೆಗೆದು ಸ್ಕಾರ್ಫಿನ ತುದಿಯಲ್ಲಿ ಒರೆಸುತ್ತಾ ಕಾಯುತ್ತಿದ್ದಳು. ಕನ್ನಡಕವಿಲ್ಲದ ಅವಳ ಕಣ್ಣು ತುಂಬಾ ಚಿಕ್ಕದಾಗಿ ಕಂಡಿತು.

"ಬಾಣ ಇರ್ಲಿಲ್ಲ," ಎಂದಳು ಲಿಖಿತ.

"ಅಂದ್ರೆ?"

"ಸುಬಾಬುಲ್ ಸೊಪ್ಪಲ್ಲಿ ಹಾಕಿದ್ದೆ ಮಿಸ್. ಕಲ್ಲು ಸುಡ್ತಿತ್ತು ಅಂತ. ಮೇಕೆಗಳು ತಿಂದ್ಬಿಟ್ವು. ತಿನ್ನೋದು ನೋಡ್ದೆ. ವಾಪಸ್ ಓಗ್ಬೇಕಿತ್ತು. ಓಗ್ಲಿಲ್ಲ."

ಮುನೀಂದ್ರ ಕಿಸಕ್ಕೆಂದ.

"ಬಾಣ ತಿನ್ನೋ ಮೇಕೆ! ಚಿರತೆಗಿಂತ ಇದೇ ದೊಡ್ಡ ಬುರುಡೆ!"

ಎಲ್ಲರೂ ಗೊಳ್ಳೆಂದು ನಕ್ಕರು. ಲಿಖಿತಳ ಮಾತಿಗೆ ಮಕ್ಕಳು ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು. ಅವರು ನಗದಿದ್ದರೆ ಸಾಕು ಎಂದು ಅವಳಿಗೆ ಅನ್ನಿಸಿದ್ದೂ ಅದೇ ಮೊದಲು.

"ನಿಜ ಕಣ್ಲಾ!"

"ಚಿರತೆನೂ ನಿಜ ಅಂದಿದ್ದೆ!"

"ಇದು ನಿಜವಾಗ್ಲೂ ನಿಜ..." ಇನ್ನೇನು ಹೇಳಿದರೆ ನಂಬುತ್ತಾರೆ ಎಂದು ಲಿಖಿತ ಹುಡುಕಿದಳು.

ಚಂದನ ಮಾತ್ರ ನಗುತ್ತಿರಲಿಲ್ಲ. ಕನ್ನಡಕ ಹಾಕಿಕೊಂಡು, ಚಾಕ್‌ಪೀಸಿನ ಬಾಣವನ್ನು ದಾಟಿ, ಲಿಖಿತಳ ಮುಖಕ್ಕೆ ಮುಖ ಕೊಟ್ಟು ನಿಂತಳು.

"ಬಾಣ ಎಷ್ಟುದ್ದ ಇತ್ತು?"

"ಒಂದು ಮೊಳ."

"ಮೇಕೆ ಎಷ್ಟಿದ್ವು?"

'ನೂರು' ಎನ್ನುವ ಮಾತು ಅಭ್ಯಾಸದಿಂದ ತುಟಿಯ ತನಕ ಬಂತು. ಲಿಖಿತ ಅದನ್ನು ನುಂಗಿದಳು.

"ಮೂರು. ಅದ್ರಲ್ಲಿ ಒಂದು ಮರಿ. ಮರಿ ತಿನ್ಲಿಲ್ಲ, ಸುಮ್ನೆ ನಿಂತಿತ್ತು."

ಇಷ್ಟು ಚಿಕ್ಕ ಉತ್ತರವನ್ನು ಲಿಖಿತ ಯಾವತ್ತೂ, ಯಾರಿಗೂ ಕೊಟ್ಟಿರಲಿಲ್ಲ. ಮುನೀಂದ್ರ ನಗುವುದನ್ನು ನಿಲ್ಲಿಸಿದ. ಅವನ ಪಕ್ಕದವರೂ ನಿಲ್ಲಿಸಿದರು.

ಚಂದನ ಅವಳನ್ನು ನೋಡಿದಳು. ತುಂಬಾ ಹೊತ್ತು ನೋಡಿದಳು.

"ಮಿಸ್," ಎಂದಳು ಕಣ್ಣು ಕೀಳದೆ, "ರ್‍ಯಾಲಿಗೆ ನನ್ ಹೆಸರು ಹಾಗೇ ಇರ್ಲಿ."