ದೊಡ್ಡ ತುಂಡು, ಸಣ್ಣ ತುಂಡು

"ಅಯ್ಯೋ ಡುಮ್ಮ, ಅದು ಗಂಟಾ, ಗೋಜಲಾ? ಬಿಚ್ಚು. ಮೊದಲಿಂದ ಕಟ್ಟು."

ಲಾಯರ್ ಆಂಟಿಯ ಆಫೀಸಿನ ಹೊರಗೆ ಒಂದು ಉದ್ದನೆಯ ಬೆಂಚು. ಅದರ ಮೇಲೆ ಡುಮ್ಮ ಶೂ ಲೇಸ್ ಹಿಡಿದು ಕೂತಿದ್ದ. ಅವನ ಅಕ್ಕ ಚೂಟಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಥೇಟ್ ಟೀಚರ್ ಹಾಗೆ ನಿಂತಿದ್ದಳು. ಅಮ್ಮ ಒಳಗೆ ಮಾತಾಡುತ್ತಿದ್ದಳು. ಅಪ್ಪ ಇನ್ನೂ ಬಂದಿರಲಿಲ್ಲ.

"ನೀನೇ ಕಟ್ಟು ಅಕ್ಕಾ. ದಿನಾ ನೀನೇ ತಾನೆ ಕಟ್ಟೋದು?"

"ಇನ್ಮೇಲೆ ನಾನು ಇರಲ್ಲ ಕಣೋ."

ಮಾತು ಬಾಯಿ ಜಾರಿಬಿಟ್ಟಿತು. ಡುಮ್ಮನ ಕೆಳತುಟಿ ಮುಂದೆ ಬಂತು.

"ಎಲ್ಲಿಗೆ ಹೋಗ್ತೀಯ?"

"ನಾನೆಲ್ಲಿ ಹೋಗ್ತೀನಿ? ಹೋಗೋದು ನೀನು. ಅಪ್ಪನ ರೂಮಿಗೆ."

ಅಷ್ಟೇ ಸಾಕಾಯಿತು. ಡುಮ್ಮ ಹೋ ಎಂದು ಶುರುಮಾಡಿದ.

ಚೂಟಿ ಸುಮ್ಮಸುಮ್ಮನೆ ಹಾಗೆ ಹೇಳಿರಲಿಲ್ಲ. ಅವರ ಮನೆಯಲ್ಲಿ ಒಂದು ರೂಲ್ಸ್ ಇತ್ತು. ಕೇಕ್ ಆಗಲಿ, ಸೇಬು ಆಗಲಿ, ಒಬ್ಬರು ಕತ್ತರಿಸಬೇಕು, ಇನ್ನೊಬ್ಬರು ಆರಿಸಬೇಕು. ಮಕ್ಕಳ ಜಗಳ ತಡೆಯಲಾರದೆ ಅಮ್ಮ ಮಾಡಿದ ರೂಲ್ಸ್ ಅದು. ಅಪ್ಪ ಮಾತ್ರ ಆರಿಸುವಾಗೆಲ್ಲ ಸಣ್ಣ ತುಂಡನ್ನೇ ಎತ್ತಿಕೊಳ್ಳುತ್ತಿದ್ದ. "ನಂದು ಪುಟಾಣಿ ಹೊಟ್ಟೆ" ಅಂತ ಡೊಳ್ಳು ಹೊಟ್ಟೆಯನ್ನು ತಟ್ಟಿಕೊಳ್ಳುತ್ತಿದ್ದ.

ಅಪ್ಪ ಅಮ್ಮ ಬೇರೆಯಾಗಿ, ಅಪ್ಪ ಬಾಡಿಗೆ ರೂಮಿಗೆ ಹೋದಾಗಲೂ ಹಾಗೇ ಆಯಿತು. ಎರಡು ಮಂಚದಲ್ಲಿ ಸಣ್ಣದು ಅಪ್ಪನಿಗೆ. ಎರಡು ಕುಕ್ಕರಿನಲ್ಲಿ ಸಣ್ಣದು ಅಪ್ಪನಿಗೆ. ಇನ್ನು ಉಳಿದದ್ದು ಇಬ್ಬರು ಮಕ್ಕಳು. ಡುಮ್ಮ ನೋಡೋಕೆ ಎಷ್ಟೇ ದಪ್ಪಗಿರಲಿ, ಸಣ್ಣವನು ಅವನೇ ತಾನೆ?

ಟೈಲ್ಸ್ ಕೆಲಸದ ಅಪ್ಪ ಬೆಳಿಗ್ಗೆ ಬೇಗ ಹೊರಟುಬಿಡುತ್ತಾನೆ. ಆಮೇಲೆ ಡುಮ್ಮನ ಲೇಸ್ ಕಟ್ಟುವವರು ಯಾರು? ಕೆಟ್ಟ ಕನಸು ಬಿದ್ದರೆ ಅವನು ಯಾರ ಬೆನ್ನಿಗೆ ಅಂಟಿಕೊಂಡು ಮಲಗಬೇಕು? ಇದನ್ನೆಲ್ಲ ನೆನೆಸಿಕೊಂಡರೆ ಚೂಟಿಗೇ ಅಳು ಒತ್ತರಿಸಿ ಬರುತ್ತಿತ್ತು.

ಬಾಗಿಲು ತೆರೆಯಿತು. ಲಾಯರ್ ಆಂಟಿ ಮೂಗಿಗೆ ಕರ್ಚೀಫ್ ಒತ್ತಿಕೊಂಡು ಇಣುಕಿದರು. ಅವರಿಗೆ ಜೋರು ನೆಗಡಿ.

"ಯಾರಪ್ಪಾ ಇಲ್ಲಿ ಸೈರನ್ ಹಾಕಿದ್ದು? ಒಳಗೆ ಬನ್ನಿ ಇಬ್ಬರೂ."

ಅಷ್ಟರಲ್ಲಿ ಅಪ್ಪನೂ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ. ಪ್ಯಾಂಟಿನ ತುಂಬಾ ಸಿಮೆಂಟ್ ಧೂಳು. ಎಲ್ಲರೂ ಒಳಗೆ ಹೋದರು. ಅಮ್ಮ ಈ ಗೋಡೆಯ ಕಡೆ ಕೂತಳು, ಅಪ್ಪ ಆ ಗೋಡೆಯ ಕಡೆ ಕೂತ. ಡುಮ್ಮ ಬಿಕ್ಕಳಿಸುತ್ತಾ ಅಮ್ಮನ ಮಡಿಲು ಸೇರಿದ. ಚೂಟಿ ಅಮ್ಮನ ಪಕ್ಕದಲ್ಲೇ ಕೂತಳು.

"ಆಂಟಿ, ಒಂದು ಡೌಟು."

"ಕೇಳು ಪುಟ್ಟಾ."

"ಡುಮ್ಮನ್ನ ಅಪ್ಪನೇ ಆರಿಸ್ಕೊಳ್ಳೋದಾ, ಇಲ್ಲಾ ಜಡ್ಜ್ ಕೊಡ್ತಾರಾ?"

ಚೂಟಿ ಕೇಕು, ಮಂಚ, ಕುಕ್ಕರ್ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅಮ್ಮನ ಕಣ್ಣು ತುಂಬಿತು. ಅಪ್ಪ ತಲೆ ತಗ್ಗಿಸಿ ಮೊಣಕಾಲಿನ ಧೂಳು ಕೊಡವತೊಡಗಿದ.

ಲಾಯರ್ ಆಂಟಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಮಕ್ಕಳನ್ನ ಯಾರೂ ಕುಕ್ಕರ್ ತರ ಹಂಚಿಕೊಳ್ಳಲ್ಲ ಕಣಮ್ಮ. ನಿಮಗೆ ಯಾವುದು ಒಳ್ಳೇದು ಅಂತ ಜಡ್ಜ್ ನೋಡ್ತಾರೆ. ಆದಷ್ಟೂ ಅಕ್ಕ ತಮ್ಮನ್ನ ಒಟ್ಟಿಗೇ ಇಡ್ತಾರೆ. ನಿಮ್ಮಪ್ಪ ಅಮ್ಮ ಕೇಳಿರೋದೂ ಅದನ್ನೇ. ಸ್ಕೂಲ್ ಇರೋ ದಿನ ಅಮ್ಮನ ಹತ್ರ, ಶನಿವಾರ ಭಾನುವಾರ ಅಪ್ಪನ ಹತ್ರ. ಎಲ್ಲಿದ್ರೂ ಇಬ್ಬರೂ ಒಟ್ಟಿಗೆ."

"ಪ್ರಾಮಿಸ್?"

"ಕೊನೇ ಮಾತು ಜಡ್ಜ್‌ದು. ಆದ್ರೆ ಅಪ್ಪ ಅಮ್ಮ ಇಬ್ಬರೂ ಒಂದೇ ಮಾತು ಹೇಳ್ತಿರುವಾಗ ನನಗೇನೂ ಭಯ ಇಲ್ಲ."

"ಜಡ್ಜ್ ನನ್ನ ಕರೆದು, ಅಮ್ಮ ಬೇಕಾ ಅಪ್ಪ ಬೇಕಾ ಅಂತ ಕೇಳಿದ್ರೆ?"

"ಕರೆದು ಮಾತಾಡಿಸಬಹುದು. ನಿನಗೆ ಏನನ್ನಿಸುತ್ತೋ ಅದನ್ನ ಹೇಳು. ಒಬ್ಬರನ್ನ ಆರಿಸಲೇಬೇಕು ಅಂತೇನಿಲ್ಲ."

ಮಡಿಲಿನಿಂದ ಡುಮ್ಮ ತಲೆ ಎತ್ತಿದ. "ಡೈವೋರ್ಸ್ ಆದ್ಮೇಲೆ ಅಪ್ಪನ್ನ ಅಂಕಲ್ ಅನ್ನಬೇಕಾ?"

"ಅಂದು ನೋಡು, ಕಿವಿ ಹಿಂಡ್ತೀನಿ!" ಎಂದ ಅಪ್ಪ. ಲಾಯರ್ ಆಂಟಿಗೆ ನಗು, ಸೀನು ಎರಡೂ ಒಟ್ಟಿಗೇ ಬಂದವು. ಅಮ್ಮನೂ ನಕ್ಕಳು. ಎಷ್ಟು ದಿನದ ಮೇಲೆ ನಕ್ಕಳೋ!

ಚೂಟಿಯ ಎದೆ ಹಗುರಾಯಿತು. ಡುಮ್ಮ ಎಲ್ಲಿಗೂ ಒಬ್ಬನೇ ಹೋಗುವುದಿಲ್ಲ. ಆದರೆ ಅಪ್ಪನ ಕಡೆ ನೋಡಿದಾಗ ಅವಳಿಗೆ ಇನ್ನೊಂದು ವಿಷಯ ಹೊಳೆಯಿತು.

"ಆಂಟಿ, ಮತ್ತೆ ಸೋಮವಾರದಿಂದ ಶುಕ್ರವಾರದವರೆಗೆ ಅಪ್ಪ ಒಬ್ಬನೇನಾ?"

ಅಷ್ಟು ಹೊತ್ತು ಪಟಪಟನೆ ಉತ್ತರ ಕೊಡುತ್ತಿದ್ದ ಲಾಯರ್ ಆಂಟಿ ಈಗ ಅಮ್ಮನ ಮುಖ ನೋಡಿದರು.

"ದಿನಾ ಅಪ್ಪನಿಗೆ ಫೋನ್ ಮಾಡು," ಎಂದಳು ಅಮ್ಮ ಮೆಲ್ಲಗೆ. "ನನ್ನ ಫೋನೇ ತಗೋ. ಎಷ್ಟು ಹೊತ್ತು ಬೇಕಾದ್ರೂ ಮಾತಾಡು."

ಅಪ್ಪ ಹೂಂ ಎಂದ. ಮತ್ತೆ ಪ್ಯಾಂಟಿನ ಧೂಳು ಕೊಡವತೊಡಗಿದ.

ಅಪ್ಪನ ಪಕ್ಕದ ಕುರ್ಚಿ ಖಾಲಿ ಇತ್ತು. ಅಲ್ಲಿಗೆ ಹೋಗಬೇಕು ಅಂತ ಚೂಟಿಗೆ ತುಂಬಾ ಅನ್ನಿಸಿತು. ಹೋದರೆ ಅಮ್ಮ ಏನಂದುಕೊಳ್ಳುತ್ತಾಳೋ? ಅವಳು ಅಮ್ಮನ ಕಡೆ ತಿರುಗಿದಳು. ಅಮ್ಮ ಚೂಟಿಗೆ ದಾರಿಯಾಗಲೆಂದು ಕಾಲು ಸ್ವಲ್ಪ ಪಕ್ಕಕ್ಕೆ ಸರಿಸಿಕೊಂಡಳು.

ಚೂಟಿ ಎದ್ದು ಹೋಗಿ ಅಪ್ಪನ ಪಕ್ಕ ಕೂತಳು. ಅಲ್ಲಿಂದ ನೋಡಿದರೆ ಅಮ್ಮ ಎದುರಿಗೇ ಕಾಣುತ್ತಿದ್ದಳು.